ಅಪ್ಪನ ಕೈಯಲ್ಲೇ ನಿಂತ ಬಟ್ಟಲು

ಜಯನಗರದ ಮಾರ್ಕೆಟ್ಟಿನಲ್ಲಿ ಕಪ್ಪು ದ್ರಾಕ್ಷಿಯ ವಾಸನೆ ಬಂದರೆ ಈಗಲೂ ನನಗೆ ಅಪ್ಪನ ಕೈಯ ಬಟ್ಟಲು ನೆನಪಾಗುತ್ತದೆ.

ನಾನು ಚಿಕ್ಕವನಿದ್ದಾಗ ಅಪ್ಪ ತಿಲಕ್ ನಗರದ ಸಣ್ಣ ಚರ್ಚೊಂದರ ಪಾಸ್ಟರ್. ಒಂದು ಶನಿವಾರ, ಗಂಡನ ಕಾಯಿಲೆ ಹೇಳಿಕೊಳ್ಳಲು ಅದೇ ಚರ್ಚಿನ ಮೇರಿಯಮ್ಮ ಬಂದು ಬಾಗಿಲು ತಟ್ಟಿದರು. ಭಾನುವಾರ ಚರ್ಚಿನಲ್ಲಿ ಹೇಳುವ ಪ್ರಸಂಗ ಬರೆಯುತ್ತಿದ್ದ ಅಪ್ಪ ನನಗೆ ಪಿಸುಗುಟ್ಟಿದರು: "ಮನೇಲಿಲ್ಲ ಅನ್ನು." ಹಾಗೇ ಅಂದೆ.

ಮರುದಿನ ಚರ್ಚಿನಲ್ಲಿ ಪ್ರಭುಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆ. ಮೇರಿಯಮ್ಮ ಅಪ್ಪನ ಮುಂದೆ ಮಂಡಿಯೂರಿದರು. ದ್ರಾಕ್ಷಾರಸದ ಬಟ್ಟಲು ಹಿಡಿದ ಅಪ್ಪನ ಕೈ ಮುಂದೆ ಹೋಗಲೇ ಇಲ್ಲ. ಹಾಡು ನಿಂತಿತು. ಅಮ್ಮ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ನಿನ್ನೆ ನಾನು ಮನೇಲೇ ಇದ್ದೆ ಮೇರಿಯಮ್ಮಾ. ಮಗನ ಕೈಲಿ ಸುಳ್ಳು ಹೇಳಿಸ್ದೆ," ಎಂದರು ಅಪ್ಪ, ಎಲ್ಲರಿಗೂ ಕೇಳುವಂತೆ.

ಆಕೆ ತಲೆಯೆತ್ತಲಿಲ್ಲ. "ಗೊತ್ತು ಪಾಸ್ಟರೇ. ನಿಮ್ಮ ಚಪ್ಪಲಿ ಬಾಗಿಲಲ್ಲೇ ಇತ್ತು. ಇನ್ನು ಕೊಡಿ."

ಈಗ ನಾನೂ ಪಾಸ್ಟರ್. ಇವತ್ತು ಪ್ರಸಂಗ ಬರೆಯುವಾಗ ಕಾಲಿಂಗ್ ಬೆಲ್ ಆಯಿತು. ಏನು ಹೇಳಲಿ ಎಂಬಂತೆ ಮಗಳು ನನ್ನ ಮುಖ ನೋಡಿದಳು.