ಅಮೀನಗಡದ ಸಂತೆಯಲ್ಲಿ ನಿಂತ ಬಸ್ಸು

ಬೀರಪ್ಪನನ್ನು ನಂಬಿದ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಶರಣು. ನನ್ನ ಕೈಯಿಂದಲೇ ಒಂದು ಹುಡುಗಿಯ ಓದು ಹಾಳಾಗುವುದರಲ್ಲಿತ್ತು. ಅದನ್ನು ನಮ್ಮಪ್ಪ ಬೀರಪ್ಪ ಹೇಗೆ ಉಳಿಸಿಕೊಟ್ಟ ಎಂಬುದನ್ನು, ನನ್ನ ತಪ್ಪನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಾನು ಹುನಗುಂದದ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಹತ್ತನೇ ತರಗತಿ ಮುಗಿಸಿದವರಿಗೆ ಮುಂದೇನು ಓದಬೇಕೆಂದು ಹೇಳುವ ವೃತ್ತಿ ಮಾರ್ಗದರ್ಶನದ ಕೆಲಸವೂ ನನ್ನದೇ. ಯಾರಿಗೂ ಬೇಡವಾಗಿದ್ದ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದರು. ಆದರೆ ಹಿಡಿದದ್ದನ್ನು ಅರ್ಧಕ್ಕೆ ಬಿಡುವವಳಲ್ಲ ನಾನು. ಯಾವ ಕೋರ್ಸಿಗೆ ಯಾವ ಕಾಗದ ಬೇಕೆಂಬುದು ನನಗೆ ಬಾಯಿಪಾಠ. ಅರ್ಜಿಗಳನ್ನೂ ನಾನೇ ತುಂಬುತ್ತೇನೆ. ಪಾಲಕರ ಮೊಬೈಲ್ ನಂಬರು ಆಗಾಗ ಬದಲಾಗುತ್ತದೆಂದು ಎಲ್ಲ ಮಕ್ಕಳ ಅರ್ಜಿಯಲ್ಲೂ ನನ್ನ ನಂಬರನ್ನೇ ಹಾಕುತ್ತಿದ್ದೆ. ಭಾರಿ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಹತ್ತನೇ ತರಗತಿ ಮುಗಿಸಿದ್ದ ಮಾಳವ್ವ ಕುರಿಗಾರ ಸಿದ್ದಪ್ಪನ ಮಗಳು. ಕುರಿ ನಿಂತ ರೀತಿ ನೋಡಿಯೇ ಅದರ ಜಡ್ಡು ಹೇಳುತ್ತಿದ್ದಳು. ಅವಳಿಗೆ ಪಶುಪಾಲನಾ ಡಿಪ್ಲೊಮಾ ಸರಿ ಎಂದು ನಾನೇ ಆರಿಸಿದೆ. ಸಿದ್ದಪ್ಪ ನಕ್ಕುಬಿಟ್ಟ.

"ಕುರಿ ಕಾಯೂದನ್ನೂ ಸಾಲ್ಯಾಗ ಕಲಸ್ತಾರೇನ್ರಿ ಅಕ್ಕೋರ?"

"ಕಾಯೂದಲ್ಲ ಸಿದ್ದಪ್ಪಣ್ಣ, ಸಾಯೂ ಕುರಿ ಉಳಸೂದು ಕಲಸ್ತಾರ. ಸೀಟು ಬಂದ ಕೂಡಲೇ ನಾ ಫೋನ್ ಹಚ್ಚತೇನಿ" ಎಂದೆ. ಆ ಮಾತಿನ ಮೇಲೆ ಅವನು ಸಹಿ ಹಾಕಿದ.

ಹೋದ ವರ್ಷದ ಆಷಾಢದಲ್ಲಿ ನನಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಎಂದು ಬಾಗಲಕೋಟೆಯ ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿದರು. ನನಗೆ ವಿಶ್ರಾಂತಿ ಸಿಗಲೆಂದು ಯಜಮಾನರು ಮೊಬೈಲನ್ನು ಬಂದ್ ಮಾಡಿ ಚೀಲದ ತಳಕ್ಕೆ ಸೇರಿಸಿದ್ದರು. ಡಿಸ್ಚಾರ್ಜ್ ಆದ ಶನಿವಾರ ಬೆಳಿಗ್ಗೆ ಅದನ್ನು ತೆರೆದೆ. ನಾಲ್ಕು ದಿನದ ಹಿಂದೆ ಬಂದ ಸಂದೇಶ ಅಲ್ಲಿತ್ತು. ಮಾಳವ್ವನ ಹೆಸರು ಆಯ್ಕೆ ಪಟ್ಟಿಯಲ್ಲಿದೆ, ಮೂಲ ದಾಖಲೆಗಳೊಂದಿಗೆ ಬಾಗಲಕೋಟೆ ವಿದ್ಯಾಗಿರಿಯ ಕಾಲೇಜಿಗೆ ಅವಳೇ ಖುದ್ದಾಗಿ ಬರಬೇಕು, ಅದೇ ಶನಿವಾರ ಸಂಜೆ ಐದು ಗಂಟೆ ಕೊನೆ.

ಸಿದ್ದಪ್ಪನ ಫೋನ್ ಸ್ವಿಚ್ ಆಫ್. ಅವನ ನೆರೆಮನೆಯವಳಿಗೆ ಹಚ್ಚಿದೆ. "ಕುರಿ ಹೊಡ್ಕೊಂಡು ಎಲ್ಲಾರೂ ಹ್ವಾದ್ರಲ್ರಿ. ಎಲ್ಲಿ ತಳ ಊರ್ಯಾರ ಯಾರಿಗ್ಗೊತ್ತ" ಎಂದಳು.

ಆಸ್ಪತ್ರೆಯ ಮಂಚದ ಮೇಲೆ ಕೂತು ಅತ್ತೆ. ಬೀರಪ್ಪ ನಮ್ಮ ಮನೆದೇವರು. ಕೈ ಮುಗಿಯುವ ಬದಲು ಜಗಳಕ್ಕೇ ಇಳಿದೆ. "ಎಪ್ಪಾ, ಕುರಿ ಕಾಯೋರ ದೇವರು ನೀ. ನಿನ್ನ ಮಂದ್ಯಾಗಿನ ಒಂದು ಹುಡುಗಿ ಮ್ಯಾಲೆ ಬರಾಕ ಹತ್ತೇತಿ. ತಪ್ಪು ನಂದು, ಶಿಕ್ಷಾ ನನಗ ಕೊಡು. ಅಕಿ ದಾರಿ ಯಾಕ ಮುಚ್ಚತಿ?"

ಊರಿಗೆ ಹೋಗಿ ಹುಡುಕುತ್ತೇನೆ ಎಂದು ಎದ್ದೆ. ಹೊಲಿಗೆ ಇನ್ನೂ ಹಸಿಯಾಗಿದೆ ಎಂದು ಯಜಮಾನರು ತಡೆದರು. "ಫೋನ್ ಬಂದ್ ಮಾಡಿದವರು ಸುಮ್ಮನ ಚೀಲ ಹಿಡಕೊಂಡು ಬರ್ರಿ" ಎಂದೆ. ಪಾಪ, ಬಂದರು.

ಹುನಗುಂದದ ಬಸ್ಸು ಅಮೀನಗಡ ಮುಟ್ಟಿದ್ದೇ ತಡ, ನಿಂತುಬಿಟ್ಟಿತು. ಶನಿವಾರದ ಕುರಿ ಸಂತೆ. ರಸ್ತೆಯ ತುಂಬ ಕುರಿ, ಗಾಡಿ, ಜನ. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸಾಕಾಗಿ ಬೀಡಿ ಸೇದಲು ಇಳಿದ. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ನನಗೆ ದೇವರ ಮೇಲೆ ಕೆಟ್ಟ ಸಿಟ್ಟು ಬಂತು. ಸಹಾಯ ಮಾಡದಿದ್ದರೆ ಹೋಗಲಿ, ತನ್ನ ಕುರಿಗಳನ್ನೇ ಅಡ್ಡ ಹಾಕಬೇಕೇ?

ಹಾಗೆಂದು ಕಿಟಕಿಯ ಹೊರಗೆ ನೋಡಿದೆ. ಒಂದು ಹುಡುಗಿ ಟಗರಿನ ಬಾಯಿ ಅಗಲಿಸಿ ಹಲ್ಲು ತೋರಿಸುತ್ತ ನಾಲ್ಕೈದು ವ್ಯಾಪಾರಿಗಳಿಗೆ ಅದರ ವಯಸ್ಸು ಹೇಳುತ್ತಿದ್ದಳು. ಮಾಳವ್ವ.

ಹೊಟ್ಟೆ ಹಿಡಿದುಕೊಂಡು ಇಳಿದೆ. ಸಿದ್ದಪ್ಪ ನನ್ನನ್ನು ಕಂಡವನೇ ಮುಖ ತಿರುಗಿಸಿದ.

"ಫೋನ್ ಹಚ್ಚತೇನಿ ಅಂದಿದ್ರಿ. ಹುಡುಗಿ ದಿನಾ ದಿಬ್ಬಾ ಹತ್ತಿ ಫೋನ್ ಹಿಡಕೊಂಡು ಕುಂತ್ಲು. ಕಡೀಕ ಫೋನಿನ ಜೀವಾನೂ ಹೋತು. ನಿಮಗ ನೆಪ್ಪಾಗ್ಲಿಲ್ಲ."

ಸಂತೆಯ ಜನ ನೋಡುತ್ತಿದ್ದರು. ಶಾಲೆಯಲ್ಲಿ ಹೆಡ್‌ಮಾಸ್ತರರಿಗೂ ತಲೆಬಾಗದ ನಾನು ಅಲ್ಲಿ ಕೈ ಮುಗಿದೆ. "ತಪ್ಪು ನಂದೈತಿ ಸಿದ್ದಪ್ಪಣ್ಣ. ಬೇಕಂದ್ರ ನಾಳೆ ಬೈರಿ. ಈಗ ಐದರೊಳಗ ಬಾಗಲಕೋಟಿ ಮುಟ್ಟಬೇಕು."

ಮುಗಿದ ಕೈಗೆ ಸಲೈನಿನ ಪಟ್ಟಿ ಇನ್ನೂ ಅಂಟಿತ್ತು. ಸಿದ್ದಪ್ಪನ ಕಣ್ಣು ಅದರ ಮೇಲೆ ಬಿತ್ತು. ಟಗರುಗಳ ಹಗ್ಗವನ್ನು ಪಕ್ಕದಲ್ಲಿದ್ದ ಕುರಿ ವ್ಯಾಪಾರಿ ಹುಸೇನಸಾಬರ ಕೈಗೆ ಕೊಟ್ಟ. ಅವರು, "ಇವನ್ನ ನಾ ನೋಡ್ಕೋತೇನಿ. ನನ್ನ ಗಾಡಿ ಒಯ್ರಿ, ಬಸ್ ನಂಬಬ್ಯಾಡ್ರಿ" ಎಂದು ತಮ್ಮ ಡ್ರೈವರನ್ನು ಕೂಗಿದರು.

ಕಾಗದ ಎಲ್ಲಿ ಎಂದು ಕೇಳಲು ನನಗೆ ಹೆದರಿಕೆ. ಮಾಳವ್ವ ಕಂಬಳಿಯ ಗಂಟಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೈಲು ತೆಗೆದಳು. "ಎಲ್ಲಿ ಹೋದ್ರೂ ಕಾಗದ ಬಿಟ್ಟು ಹೋಗಬ್ಯಾಡ್ರಿ ಅಂತ ನೀವ ಹೇಳಿದ್ರಲ್ರಿ ಅಕ್ಕೋರ." ವರ್ಷವೂ ಹೇಳುತ್ತೇನೆ. ಒಬ್ಬರಾದರೂ ಕೇಳಿಸಿಕೊಂಡಿದ್ದಾರೆಂದು ಅಂದೇ ತಿಳಿದದ್ದು.

ದಾರಿಯಲ್ಲಿ ಸಿದ್ದಪ್ಪ ಹೇಳಿದ: "ಈ ಸಂತಿಗೆ ನಾವು ಬರಾವ್ರ ಅಲ್ರಿ. ಹಳ್ಳಾ ದಾಟಿ ಬದಾಮಿ ಕಡೆ ಹೊಂಟಿದ್ವಿ. ಮುಂದಿನ ಟಗರು ನೀರಿಗೆ ಕಾಲಿಡಲಿಲ್ಲ. ಅದು ದಾಟದಿದ್ರ ಹಿಂದಿನ ಕುರಿನೂ ದಾಟಂಗಿಲ್ಲ. ತಿರುಗಿ ಬಂದ್ವಿ." ಟಗರಿನ ಹಟ ಎನ್ನುವವರು ಎನ್ನಲಿ. ಅದನ್ನು ತಡೆದವನು ಯಾರೆಂದು ನನಗೆ ಗೊತ್ತು.

ಸಂತೆಯ ಗದ್ದಲದಿಂದ ಗಾಡಿ ಹೊರಬಿದ್ದು ಕಾಲೇಜು ಮುಟ್ಟುವಷ್ಟರಲ್ಲಿ ನಾಲ್ಕೂವರೆ ದಾಟಿತ್ತು. ಕೌಂಟರಿನವರು ಮೂಗು ಮುಚ್ಚಿ, "ಏನ್ರಿ ಇದು ವಾಸನಿ?" ಎಂದರು.

"ಅಕಿ ಕಲಿಯಾಕ ಬಂದ ವಿಷಯಾನ ಅದ್ರಿ" ಎಂದೆ. ಅವರೂ ನಕ್ಕು, ಠಸ್ಸೆ ಒತ್ತಿದರು.

ಈಗ ಅರ್ಜಿಗಳಲ್ಲಿ ಪಾಲಕರ ನಂಬರನ್ನೇ ಹಾಕುತ್ತೇನೆ, ಪ್ರತಿ ವಾರ ನಾನೇ ಪಟ್ಟಿ ನೋಡುತ್ತೇನೆ. ನನ್ನ ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚುಮರೆ ಏಕೆ? ಆದರೆ ಅದರ ದಾರಿಗೆ ಕಾವಲು ನಿಂತವನು ಬೇರೆ ಇದ್ದಾನೆಂಬ ನಂಬಿಕೆ ಈಗ ಕಲ್ಲಿನಷ್ಟು ಗಟ್ಟಿ.

ಹೋದ ಅಮಾವಾಸ್ಯೆಗೆ ಭಂಡಾರದ ಅರಿಶಿನ ಅರ್ಪಿಸಲು ಬೀರಪ್ಪನ ಗುಡಿಗೆ ಹೋಗಿದ್ದೆ. ಹೊರಗೆ ಬಯಲಿನಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದರು. ಡಾಕ್ಟರರ ಜೊತೆ ಕಾಲೇಜಿನ ತರಬೇತಿಗೆಂದು ಬಂದು, ಬಿಳಿ ಕೋಟು ತೊಟ್ಟು ನಿಂತವಳು ಮಾಳವ್ವ. ಪಾಳಿಯ ತುದಿಯಲ್ಲಿ ಸಿದ್ದಪ್ಪ ತನ್ನ ಮಂದೆಯೊಂದಿಗೆ ಬಿಸಿಲಿನಲ್ಲಿ ನಿಂತಿದ್ದ.

"ನಿನ್ನ ಮಗಳ ಅದಾಳಲ್ಲೋ, ಮುಂದ ಹೋಗು" ಎಂದರು ಯಾರೋ.

ಸಿದ್ದಪ್ಪ ಕದಲಲಿಲ್ಲ. "ಮನ್ಯಾಗ ಮಗಳು. ಇಲ್ಲಿ ಅಕಿ ಎಲ್ಲಾರ ಕುರಿ ನೋಡಾಕ ಬಂದಾಳ. ನನ್ನ ಪಾಳಿ ಬರಲಿ" ಎಂದ.