ಒಂದನೇ ಪ್ಲಾಟ್‌ಫಾರ್ಮಿನ ಹಸಿರು ಬಾಗಿಲು

ಮುಂದೆ ಆಗುವುದು ತನಗೆ ಮೊದಲೇ ತಿಳಿದಿತ್ತು ಎಂದು ಯಾರಾದರೂ ಹೇಳಿದರೆ ಮುಗುಳ್ನಕ್ಕು ಮಾತು ಬದಲಿಸುತ್ತಿದ್ದವಳು ನಾನು. ಕನಸು ನಿಜವಾಯಿತು ಎನ್ನುವವರು ನಿಜವಾಗದ ಕನಸುಗಳನ್ನೆಲ್ಲ ಮರೆತಿರುತ್ತಾರೆ, ಅಷ್ಟೆ ಎಂದುಕೊಳ್ಳುತ್ತಿದ್ದೆ. ಈಗಲೂ ನಾನು ಇಂಥವನ್ನೆಲ್ಲ ನಂಬುತ್ತೇನೆ ಎಂದು ಓದುಗರು ತಿಳಿಯಬಾರದು. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಬಾಯಿಂದಲೇ ಬಂದ ಒಂದು ಮಾತಿಗೆ ಇವತ್ತಿಗೂ ನನ್ನ ಹತ್ತಿರ ವಿವರಣೆ ಇಲ್ಲ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ನಾವಿರುವುದು ಡಲ್ಲಾಸ್‌ನ ಉತ್ತರಕ್ಕಿರುವ ಫ್ರಿಸ್ಕೋದಲ್ಲಿ. ಹಾಲು ತರಬೇಕಾದರೂ ಕಾರು ತೆಗೆಯಬೇಕು. ಹೀಗಿರುವಾಗ ನನಗೆ ರೈಲಿನ ಹುಚ್ಚು ಹೇಗೆ ಹಿಡಿಯಿತೋ ಗೊತ್ತಿಲ್ಲ. ಆಫೀಸಿನ ಕೆಲಸ ಮುಗಿದ ಮೇಲೆ ಯುರೋಪಿನ ರೈಲುಗಳ ವೇಳಾಪಟ್ಟಿ ನೋಡುತ್ತಾ ಕೂರುವುದು ನನ್ನ ಅಭ್ಯಾಸವಾಗಿತ್ತು. ಪ್ರವಾಸ ಹೋದವರ ಬರಹ, ವಿಡಿಯೋ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಮಾತ್ರ ಇಟಲಿಗೆ ಕಾಲಿಟ್ಟಿರಲಿಲ್ಲ, ಈಗಲೂ ಇಟ್ಟಿಲ್ಲ. ಆದರೂ ಯಾರಾದರೂ ಇಟಲಿಗೆ ಹೊರಟರೆ, "ಅವಳನ್ನು ಕೇಳಿ, ಎಲ್ಲ ಪ್ಲಾನ್ ಮಾಡಿ ಕೊಡ್ತಾಳೆ" ಎಂದು ನನ್ನ ಗಂಡ ರಾಘುವೇ ಎಲ್ಲರಿಗೂ ಹೇಳಿಬಿಟ್ಟಿದ್ದ.

ಹಾಗೆ ನನ್ನನ್ನು ಕೇಳಿದವರಲ್ಲಿ ಶಾಂತಾ ಆಂಟಿ ಒಬ್ಬರು. ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ಅವರ ಮನೆ. ಧಾರವಾಡದವರು, ಡಾಕ್ಟರಾಗಿ ನಿವೃತ್ತರಾದವರು. ಅವರ ಯಜಮಾನರು, ನಾವು ಸುಮ್ಮನೆ ಅಂಕಲ್ ಎನ್ನುವವರು, ಹುಬ್ಬಳ್ಳಿಯ ರೈಲ್ವೆ ಗಾರ್ಡೊಬ್ಬರ ಮಗ. ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು. ಟೆಕ್ಸಸ್‌ಗೆ ಬಂದ ಮೇಲೆ ಅವರ ಬದುಕೆಲ್ಲ ಹೈವೇ ಮೇಲೆ ಕಳೆದುಹೋಗಿತ್ತು. ಈಗ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಶುರುವಾಗಿ, ಕಾರಿನ ಕೀಲಿಕೈಯನ್ನೂ ಮಗಳು ತೆಗೆದಿಟ್ಟಿದ್ದಳು.

ಅಂಕಲ್‌ಗೆ ಒಂದೇ ಆಸೆ. ಕೈಕಾಲು ಇನ್ನೂ ಸ್ವಲ್ಪ ಮಾತು ಕೇಳುತ್ತಿರುವಾಗಲೇ ಇಟಲಿಗೆ ಹೋಗಿ ದಿನಾ ಒಂದು ರೈಲು ಹತ್ತಬೇಕು, ಕಿಟಕಿ ಪಕ್ಕ ಕೂರಬೇಕು, ಸಂಜೆಯೊಳಗೆ ಅದೇ ಕೋಣೆಗೆ ಮರಳಬೇಕು. ಮ್ಯೂಸಿಯಂ, ಗೋಪುರ ಏನೂ ಬೇಡ. ಆಸ್ಟಿನ್‌ನಲ್ಲಿರುವ ಮಗಳು ಅನುಷಾ ಇದಕ್ಕೆ ಸುತರಾಂ ಒಪ್ಪಿರಲಿಲ್ಲ. "ಅಪ್ಪ, ದಿಸ್ ಈಸ್ ಕ್ರೇಜಿ" ಎಂದು ಫೋನಿನಲ್ಲಿ ದಿನಾ ಜಗಳ. ಕೊನೆಗೆ, ಯಾರಾದರೂ ತಿಳಿದವರು ಕೂತು ಸುಲಭವಾಗಿ ಪ್ಲಾನ್ ಮಾಡಿಕೊಟ್ಟರೆ ಹೋಗಲಿ ಎನ್ನುವಲ್ಲಿಗೆ ಬಂದಿದ್ದಳು. ಆ ತಿಳಿದವಳು ನಾನಾಗಬೇಕಾಯಿತು.

ಒಂದು ಶನಿವಾರ ನಾನೂ ರಾಘುವೂ ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋದೆವು. ಅನುಷಾ ಆಸ್ಟಿನ್‌ನಿಂದ ಬಂದಿದ್ದಳು. ಊಟವಾದ ಮೇಲೆ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಹೊರಗೆ ಬಿಸಿಲು ಸುಡುತ್ತಿತ್ತು. ಅಂಕಲ್ ನನ್ನ ಪಕ್ಕದಲ್ಲೇ ಕೂತು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಪರದೆಯನ್ನೇ ನೋಡುತ್ತಿದ್ದರು.

ಬೊಲೋನ್ಯಾದಲ್ಲಿ ಉಳಿಯಿರಿ ಎಂದು ಹೇಳಿದೆ. ಎಲ್ಲ ದಿಕ್ಕಿಗೂ ಅಲ್ಲಿಂದ ರೈಲು ಇದೆ. ಊರಿನ ಬೀದಿಗಳಿಗೆ ಉದ್ದಕ್ಕೂ ಕಮಾನಿನ ಸೂರು ಇರುವುದರಿಂದ ಅಂಕಲ್ ಬಿಸಿಲು ಮಳೆ ಎನ್ನದೆ ನಡೆಯಬಹುದು. "ದೂರದ ವೇಗದ ರೈಲಿಗೆ ಮಾತ್ರ ಮೊದಲೇ ಬುಕ್ ಮಾಡಿ ಆಂಟಿ. ಫೆರಾರಾ, ಮೊಡೆನಾ, ಪಾರ್ಮಾ ಇವಕ್ಕೆಲ್ಲ ಸಣ್ಣ ರೈಲು ಸಾಕು. ಅದಕ್ಕೆ ಸೀಟ್ ನಂಬರ್ ಇರಲ್ಲ, ಅವತ್ತೇ ಟಿಕೆಟ್ ತಗೋಬಹುದು. ಕಾಗದದ ಟಿಕೆಟ್ ಆದ್ರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮಿನ ಮೆಷಿನ್‌ನಲ್ಲಿ ಮುದ್ರೆ ಒತ್ತಿಸಲೇಬೇಕು, ಮರೆತರೆ ದಂಡ." ಬೋರ್ಡಿನಲ್ಲಿ ಹೋಗಬೇಕಾದ ಊರಿನ ಹೆಸರು ಕಾಣದೆ ಗಾಬರಿಯಾಗಬಾರದು, ಅಲ್ಲಿ ರೈಲಿನ ಕೊನೆಯ ನಿಲ್ದಾಣ ಮಾತ್ರ ಬರೆದಿರುತ್ತದೆ ಎಂದೂ ಹೇಳಿದೆ. ಮಧ್ಯಾಹ್ನ ಅಂಗಡಿಗಳು ಮುಚ್ಚುತ್ತವೆ, ರೈಲು ನೌಕರರ ಮುಷ್ಕರ ಇಲ್ಲದ ದಿನ ನೋಡಿಕೊಂಡು ಹೊರಡಿ, ಹೀಗೆ ಏನೇನೋ.

ಇವನ್ನೆಲ್ಲ ನಾನು ಎಲ್ಲೆಲ್ಲಿ ಓದಿದ್ದೆ ಎಂದು ಈಗ ಕೇಳಿದರೂ ಹೇಳಬಲ್ಲೆ. ಮುಂದಿನದನ್ನು ಹೇಳಲಾರೆ.

ಮೂರನೆಯ ದಿನಕ್ಕೆ ಒಂದು ಸಣ್ಣ ಊರು ಆರಿಸಿದ್ದೆವು. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಆ ಊರಿನ ನಕ್ಷೆ ತೋರಿಸುತ್ತಾ, ಅದೇ ದನಿಯಲ್ಲಿ, ನಡುವೆ ಉಸಿರನ್ನೂ ಬದಲಿಸದೆ ನಾನು ಹೇಳಿದೆ: "ಇಲ್ಲಿ ಅಂಕಲ್‌ಗೆ ಕಾಲು ಹಿಡ್ಕೊಂಡ್ರೆ ಮೆಟ್ಟಿಲ ಕಡೆ ಹೋಗ್ಬೇಡಿ. ಒಂದನೇ ಪ್ಲಾಟ್‌ಫಾರ್ಮಿನ ತುದೀಲಿ ಒಂದು ಹಸಿರು ಬಾಗಿಲಿದೆ. ಬೆಲ್ ಒತ್ತಿ. ಕೈ ಇರೋ ಕುರ್ಚಿ ಕೊಡ್ತಾರೆ."

ಹೇಳುವಾಗ ಆ ಬಾಗಿಲು ನನಗೆ ಕಂಡಿತು. ಕೆಳಗಡೆ ಬಣ್ಣ ಎದ್ದುಹೋಗಿತ್ತು, ಪಕ್ಕದಲ್ಲಿ ಒಂದು ತಗಡಿನ ಡಬ್ಬಿಯಲ್ಲಿ ಗಿಡ. ಯಾವುದೋ ವಿಡಿಯೋದ ನೆನಪು ಎಂಬಂತೆ ಸಲೀಸಾಗಿ ಬಂದು ಹೋಯಿತು. ಯಾರಿಗೂ ಏನೂ ವಿಶೇಷ ಅನ್ನಿಸಲಿಲ್ಲ. ಆಂಟಿ ತಲೆಯಾಡಿಸಿದರು. ಅನುಷಾ ಮಾತ್ರ, "ಅದು ಯಾರ ಮನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು, "ಸ್ಟೇಷನ್ನಿನ ಹಳೇ ಕ್ವಾರ್ಟರ್ಸ್ ಇರ್ಬೇಕು" ಎಂದೆ. ಕ್ವಾರ್ಟರ್ಸ್ ಎಂಬ ಮಾತು ಕೇಳಿ ಅಂಕಲ್ ಮುಖ ಅರಳಿತು. ಅಲ್ಲಿಂದ ನಕ್ಷೆಯಲ್ಲಿ ಮುಂದಿನ ಊರಿಗೆ ಹೋದೆವು.

ವಸಂತದಲ್ಲಿ ಅವರಿಬ್ಬರೂ ಹೊರಟರು. ಮೊದಲೆರಡು ದಿನ ಫೋಟೋಗಳು ಬಂದವು. ಕಿಟಕಿಗೆ ಹಣೆ ತಾಗಿಸಿ ಕೂತ ಅಂಕಲ್, ಹೊರಗೆ ಹಸಿರು ಗದ್ದೆ. ಮೂರನೆಯ ದಿನ ಬೆಳಿಗ್ಗೆ ನನಗೆ ಯಾಕೋ ಕೂರಲು ನಿಲ್ಲಲು ಆಗುತ್ತಿರಲಿಲ್ಲ. ಮನೆಯಿಂದಲೇ ಕೆಲಸ ಮಾಡುವ ದಿನ ಅದು. ಲ್ಯಾಪ್‌ಟಾಪ್ ಮುಂದೆ ಕೂತರೆ ಎದ್ದುಬಿಡಬೇಕೆನಿಸುತ್ತಿತ್ತು. ಅಡುಗೆಮನೆಯಿಂದ ಮುಂಬಾಗಿಲಿಗೆ, ಮುಂಬಾಗಿಲಿನಿಂದ ಅಡುಗೆಮನೆಗೆ ನಡೆಯುತ್ತಿದ್ದೆ. ರಾಘು ಮೀಟಿಂಗಿನಲ್ಲಿದ್ದವನು ಮೈಕ್ ಮುಚ್ಚಿ, "ಏನಾಗಿದೆ ನಿಂಗೆ? ಒಂದು ಕಡೆ ಕೂತ್ಕೋಬಾರ್ದಾ?" ಎಂದು ರೇಗಿದ. ಕಾಫಿ ಜಾಸ್ತಿಯಾಗಿರಬೇಕು ಎಂದೆ. ಸ್ವಲ್ಪ ಹೊತ್ತಿನ ನಂತರ ಅದು ತಾನಾಗಿಯೇ ನಿಂತಿತು. ಎಷ್ಟು ಸುಸ್ತಾಗಿತ್ತೆಂದರೆ ಸೋಫಾದ ಮೇಲೆ ಹಾಗೇ ನಿದ್ದೆ ಹೋದೆ. ಅಂದು ಫೋಟೋ ಬರಲಿಲ್ಲ.

ಮರುದಿನ ಆಂಟಿಯ ಫೋನ್ ಬಂತು. ಹಿಂದಿನ ದಿನ ಮಧ್ಯಾಹ್ನ ಊರು ನೋಡಿ ಸ್ಟೇಷನ್‌ಗೆ ಮರಳಿದ್ದರಂತೆ. ಪ್ಲಾಟ್‌ಫಾರ್ಮಿನ ಅಂಚಿನ ಹತ್ತಿರ ನಡೆಯುತ್ತಿದ್ದಾಗ ಅಂಕಲ್ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಟ್ಟಿತು. ಪಾರ್ಕಿನ್ಸನ್‌ನಲ್ಲಿ ಹೀಗಾಗುವುದು ಆಂಟಿಗೆ ಹೊಸದಲ್ಲ. ಆದರೆ ನಿಲ್ಲದೆ ಸಾಗುವ ಒಂದು ರೈಲು ಬರುತ್ತಿದೆ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಅಂಕಲ್ ಮೈ ಮುಂದಕ್ಕೆ ಬಾಗುತ್ತಿತ್ತು. ಸುತ್ತ ಒಬ್ಬರೂ ಇಲ್ಲ.

"ಎಳದರ ಬರವಲ್ಲರು, ಬಿಟ್ಟರ ಬೀಳ್ತಾರ. ನಾ ಒಬ್ಬಾಕಿ ಏನ್ ಮಾಡ್ಲೆವ್ವಾ? ಆವಾಗ ನಿನ್ನ ಮಾತು ನೆನಪಾತು. ತಿರುಗಿ ನೋಡಿದ್ರ ಹಸಿರು ಬಾಗಲಾ! ನಾ ಬೆಲ್ ಒತ್ತಲಿಲ್ಲ, ಜೋರಾಗಿ ಒದರಿದೆ ಅಷ್ಟ. ಬಾಗಲಾ ಮೊದಲಽ ತಗದಿತ್ತು. ಒಬ್ಬಾಕಿ ಕುರ್ಚಿ ಹೊರಗ ಇಟ್ಕೊಂಡು ನಿಂತಿದ್ಲು."

ಏಪ್ರನ್ ಕಟ್ಟಿದ್ದ ಒಬ್ಬ ವಯಸ್ಸಾದ ಹೆಂಗಸು. ಓಡಿಬಂದು ಅಂಕಲ್‌ರ ಸೊಂಟ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ಸೇರಿ ಕುರ್ಚಿಯಲ್ಲಿ ಕೂರಿಸಿದರು. ರೈಲು ಗಾಳಿ ಎಬ್ಬಿಸಿಕೊಂಡು ಹೋಯಿತು. ಆಮೇಲೆ ಒಳಗೆ ಕರೆದು ನೀರು ಕೊಟ್ಟಳು, ಅಂಕಲ್ ಮಾತ್ರೆ ತೆಗೆದುಕೊಂಡರು, ಕಾಲು ಸಡಿಲವಾಯಿತು. ನಾನು ಕೇಳುತ್ತಾ ಅಳುತ್ತಿದ್ದೆ. ಭಯಕ್ಕೋ ಸಂತೋಷಕ್ಕೋ ತಿಳಿಯದು. "ಎಷ್ಟು ಛಲೋ ತಿಳ್ಕೊಂಡು ಹೇಳಿದ್ಯವಾ, ನಿನ್ನ ಋಣ ಹೆಂಗ ತೀರಸೋದು" ಎಂದು ಆಂಟಿ ಫೋನ್ ಇಟ್ಟರು.

ಆ ವಾರವೆಲ್ಲ ನಾನು ಆ ಬಾಗಿಲನ್ನು ಹುಡುಕಿದೆ. ಓದಿದ ಬರಹಗಳನ್ನು ಮತ್ತೆ ಓದಿದೆ, ನೋಡಿದ ವಿಡಿಯೋಗಳನ್ನು ಮತ್ತೆ ನೋಡಿದೆ. ಸ್ಟೇಷನ್ನಿನ ಮುಂಭಾಗದ ಚಿತ್ರಗಳು ಸಿಕ್ಕವು. ಪ್ಲಾಟ್‌ಫಾರ್ಮಿನ ಆ ತುದಿ ಎಲ್ಲೂ ಇಲ್ಲ. ರಾಘು, "ಎಲ್ಲೋ ನೋಡಿರ್ತೀಯ, ಮರ್ತಿದೀಯ" ಎಂದ. ಇರಬಹುದು ಎಂದು ನಾನೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅವರು ಮರಳಿದ ಮೇಲೆ ನೋಡಲು ಹೋದೆವು. ಅಂಕಲ್ ಗೆಲುವಾಗಿದ್ದರು. ಯಾವ ರೈಲಿನ ಬೋಗಿ ಹೇಗಿತ್ತು ಎಂದು ರಾಘುವಿಗೆ ಹೇಳುತ್ತಾ ಕೂತರು. ಆಂಟಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದರು.

"ಫೋನಿನಾಗ ಹೇಳಲಿಲ್ಲ ನಿನಗ. ಆಕಿ ಕುರ್ಚಿ ಯಾಕ ಹೊರಗ ಇಟ್ಟಿದ್ಲು ಅಂತ ನಾ ಕೇಳಿದೆ. ಫೋನಿನ ತರ್ಜುಮೆ ಆ್ಯಪಿನಾಗ ಮಾತಾಡಿದ್ವಿ. ಸ್ವಲ್ಪ ಹೊತ್ತಿನ ಹಿಂದ ನಿಮ್ಮ ಕಡೆಯಾಕಿ ಒಬ್ಬಾಕಿ ಬಂದಿದ್ಲು, ಕುರ್ಚಿ ತಗದಿಡು ಅಂದ್ಲು, ಅಂತ ಹೇಳಿದ್ಲು."

"ಯಾರು ಆಂಟಿ?"

"ಅದನ್ನಽ ನಾನೂ ಕೇಳಿದೆ. ಯಾರೋ ಗೊತ್ತಿಲ್ಲಂತ. ಕುಂದ್ರು ಅಂದ್ರೂ ಕುಂದ್ರಲಿಲ್ಲಂತ. ಪ್ಲಾಟ್‌ಫಾರ್ಮಿನ ಮ್ಯಾಲೆ ಅತ್ತಿಂದಿತ್ತ, ಇತ್ತಿಂದತ್ತ ಅಡ್ಡಾಡತಿದ್ಲಂತ. ಆಮ್ಯಾಲೆ ನೋಡಿದ್ರ ಇರಲಿಲ್ಲಂತ."

ಅಲ್ಲಿನ ಆ ಮಧ್ಯಾಹ್ನವೆಂದರೆ ನಮಗೆ ಫ್ರಿಸ್ಕೋದಲ್ಲಿ ಬೆಳಿಗ್ಗೆ. ಅಂದು ನಾನು ಮನೆಯೊಳಗೆ ಹೇಗೆ ನಡೆಯುತ್ತಿದ್ದೆ ಎಂದು ಆಂಟಿಗೆ ನಾನು ಹೇಳಿರಲಿಲ್ಲ. ರಾಘುವೂ ಹೇಳಿರಲಿಲ್ಲ, ಆಮೇಲೆ ಕೇಳಿ ಖಚಿತಪಡಿಸಿಕೊಂಡೆ. ಕಾರಿನಲ್ಲಿ ಅವನಿಗೆ ಇದನ್ನು ಹೇಳಿದಾಗ, "ಆ್ಯಪ್ ತಪ್ಪು ತರ್ಜುಮೆ ಮಾಡಿರುತ್ತೆ" ಎಂದ. ಹೌದು, ಅದೂ ಸಾಧ್ಯ. ಯಾವಳೋ ಪಕ್ಕದ ಮನೆಯವಳು ಕುರ್ಚಿ ಕೇಳಲು ಬಂದಿರಬಹುದು. ವಯಸ್ಸಾದ ಆ ಹೆಂಗಸಿಗೆ ದಿನವೇ ತಪ್ಪಿರಬಹುದು. ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಿದರೆ ಒಂದೊಂದಕ್ಕೂ ಉತ್ತರ ಸಿಗುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ನನಗೆ ಮತ್ತೆ ಕೂರಲಾಗುವುದಿಲ್ಲ.

ಇನ್ನೊಂದು ವಿಷಯ ಮುಚ್ಚಿಡಬಾರದು. ಮುಂದಿನ ವರ್ಷ ಅನುಷಾಳ ಗೆಳತಿಯೊಬ್ಬಳ ಸಂಸಾರ ಆಸ್ಟಿನ್‌ನಿಂದ ಇಟಲಿಗೆ ಹೊರಟಿತು. ಅವರಿಗೂ ಪ್ಲಾನ್ ಮಾಡಿಕೊಟ್ಟೆ. ಮಾತಿನ ನಡುವೆ ಅದೇ ರೀತಿ, ಸಲೀಸಾಗಿ, ಒಂದು ಮಾತು ನಾಲಿಗೆಗೆ ಬಂತು: ಸ್ಟೇಷನ್ ಎದುರಿನ ಔಷಧಿ ಅಂಗಡಿಯ ಪಕ್ಕ ಕಲ್ಲಿನ ಮೆಟ್ಟಿಲಿದೆ, ಅದನ್ನೇ ಹತ್ತಿ. ಅದನ್ನು ಎಲ್ಲೂ ಓದಿರಲಿಲ್ಲ. ಹೇಳಲೋ ಬೇಡವೋ ಎಂದು ಹಿಂಜರಿದು, ಕೊನೆಗೆ ಹೇಳಿದೆ. ಅವರು ಮರಳಿ ಬಂದು ನಕ್ಕರು. ಅಲ್ಲಿ ಔಷಧಿ ಅಂಗಡಿಯೂ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಮಕ್ಕಳನ್ನು ಎಳೆದುಕೊಂಡು ಬಿಸಿಲಲ್ಲಿ ಸುಮ್ಮನೆ ಅಲೆದಿದ್ದರು. ನನಗೆ ನಾಚಿಕೆಯಾಯಿತು, ಜೊತೆಗೆ ಹೇಳಲಾರದಷ್ಟು ಹಗುರವೂ ಆಯಿತು. ಆ ಹಗುರ ಬಹಳ ದಿನ ಉಳಿಯಲಿಲ್ಲ. ಅದು ಸುಳ್ಳಾದ ಮಾತ್ರಕ್ಕೆ ಮೊದಲಿನದು ಸುಳ್ಳಾಗುವುದಿಲ್ಲವಲ್ಲ.

ಅಂಕಲ್ ಈಗ ಹೆಚ್ಚು ನಡೆಯುವುದಿಲ್ಲ. ಅವರಿಗೆ ಇದರಲ್ಲಿ ವಿಚಿತ್ರವೇನೂ ಕಂಡಿಲ್ಲ. ಹೋದಾಗಲೆಲ್ಲ, "ನೀನೂ ಒಮ್ಮೆ ಹೋಗಿ ಬಾರವಾ. ಆಕಿ ಒಳ್ಳೇಕಿ" ಎನ್ನುತ್ತಾರೆ. ರಾಘು ಎರಡು ಸಲ ವಿಮಾನದ ಟಿಕೆಟ್ ನೋಡಿದ. ಎರಡು ಸಲವೂ ಏನೋ ನೆಪ ಹೇಳಿ ತಪ್ಪಿಸಿದ್ದೇನೆ. ಹೋದರೆ ಸತ್ಯ ಒಂದು ಗಂಟೆಯಲ್ಲಿ ತಿಳಿದೀತು ಎಂದು ನನಗೂ ಗೊತ್ತು. ಆ ಹೆಂಗಸು ನನ್ನ ಮುಖ ನೋಡಿ ಯಾರು ನೀವು ಎಂದು ಕೇಳಿದರೆ ನಾನು ನಿಶ್ಚಿಂತೆಯಿಂದ ಮನೆಗೆ ಬರಬಹುದು. ಕೇಳದೆ ಹೋದರೆ ಏನು ಮಾಡುವುದು ಎಂದು ಮಾತ್ರ ನನಗೆ ಇನ್ನೂ ತೋಚಿಲ್ಲ.