ಹನುಮಂತರಾಯರ ಖಾಲಿ ಚೌಕ

ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವ ಸಾಯುವುದಿಲ್ಲ. ಮಾವಂದಿರು ಸಾಯುವುದು ಸಕ್ಕರೆ ಕಾಯಿಲೆಯಿಂದ, ಎದೆನೋವಿನಿಂದ, ಗಚ್ಚಿಬೌಲಿಯ ರಸ್ತೆ ದಾಟುವಾಗ, ಇಲ್ಲವೇ ಸುಮ್ಮನೆ ವಯಸ್ಸಾಗಿ. ಇದು ನಿಮಗೆ ಗೊತ್ತಿದೆ. ಗೊತ್ತಿದ್ದೂ ಹುಡುಗಿಯ ನಕ್ಷತ್ರ ಕೇಳುತ್ತೀರಿ.

ಹನುಮಂತರಾಯರಿಗೂ ಗೊತ್ತಿತ್ತು. ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಕಲಬುರಗಿ ಕಡೆಯ ಮನೆತನ. ಕಂಪ್ಯೂಟರನ್ನು ಅವರಿಗೆ ಯಾರೂ ಕಲಿಸಲಿಲ್ಲ. ಕೋಠಿಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಆರಿಸಿ ತಂದು, ಊಟದ ಟೇಬಲ್ಲಿನ ಮೇಲೆ ಹರಡಿಕೊಂಡು ತಾವೇ ಕಲಿತರು. ಆ ಕಲಿಕೆಯ ಜೋರಿನಲ್ಲಿ ನಮ್ಮವರ ಒಂದು ಮಂಡಳಿಯ ವಧು-ವರ ಕೇಂದ್ರಕ್ಕೆ ವಿಂಡೋಸ್ ಪ್ರೋಗ್ರಾಂ ಬರೆದುಕೊಟ್ಟರು. ಮಂಡಳಿ ಶಾಲು ಹೊದಿಸಿತು. ಹಳೇ ಕಾಗದಗಳನ್ನೆಲ್ಲ ರದ್ದಿಗೆ ಹಾಕಿತು.

ಪ್ರತಿ ಭಾನುವಾರ ಗಂಡಿನ ಕಡೆಯವರು ಬಂದು ಕೂತು ಮೊದಲು ಹೇಳುತ್ತಿದ್ದುದು ಒಂದೇ ಮಾತು: "ಮೂಲಾ, ಆಶ್ಲೇಷಾ, ಜ್ಯೇಷ್ಠಾ, ವಿಶಾಖಾ ಬಿಟ್ಟು ತೋರಸ್ರಿ." ಒಂದು ಮಾವನಿಗೆ ಆಗದು, ಇನ್ನೊಂದು ಅತ್ತೆಗೆ, ಮತ್ತೊಂದು ಭಾವನಿಗೆ, ಮಗದೊಂದು ಮೈದುನನಿಗೆ. ಮನೆಗೆ ಬರುವ ಹೆಣ್ಣೊಬ್ಬಳಿಂದ ಇಡೀ ಮನೆಗೆ ರಕ್ಷಣೆ ಬೇಕು! ದಿನಾ ಕೇಳುವುದು ಕೈಗೆ ಸಿಗುವಂತಿರಲಿ ಎಂದು ರಾಯರು ಆ ನಾಲ್ಕನ್ನು ನಕ್ಷತ್ರಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿಟ್ಟರು. ತುದಿಗೆ ಮೂಲಾ. ಪಕ್ಕದಲ್ಲಿ 'ಇವು ಬೇಡ' ಎಂಬ ಬಟನ್. ಒಂದು ಸಲ ಒತ್ತಿದರೆ ಆ ಹುಡುಗಿಯರು ಪರದೆಯಿಂದ ಮಾಯ. ಬಟನ್ ನೋಡಿ ಜನ ಮೆಚ್ಚಿದರು. ರಾಯರು ಹಿಗ್ಗಿದರು.

ಆ ಪ್ರೋಗ್ರಾಮಿನಲ್ಲಿ ಹಳೆಯ ವಿವರ ತಿದ್ದುವುದಕ್ಕೆ ಒಂದು ಡೈಲಾಗ್ ಇತ್ತು. ಡೈಲಾಗ್ ಎಂದರೆ ಪರದೆಯ ಮೇಲೆ ಏಳುವ ಸಣ್ಣ ಕಿಟಕಿ. ಹೆಸರಿಗೊಂದು ಚೌಕ, ಫೋಟೊಕ್ಕೊಂದು, ನಕ್ಷತ್ರಕ್ಕೊಂದು. ಕಿಟಕಿ ಏಳುವ ತನಕ ಈ ಚೌಕಗಳು ಇರುವುದೇ ಇಲ್ಲ. ಎದ್ದ ಮೇಲೆ ವಿಂಡೋಸ್ 'ಸಿದ್ಧ' ಎಂದು ಸೂಚನೆ ಕೊಡುತ್ತದೆ, ಆಗ ತುಂಬಬೇಕು. ರಾಯರು ನಕ್ಷತ್ರವನ್ನು ಅದಕ್ಕೂ ಮೊದಲೇ ತುಂಬುವಂತೆ ಬರೆದಿದ್ದರು, ಎಲೆ ಹಾಕುವ ಮೊದಲೇ ಹುಳಿ ಬಡಿಸಿದ ಹಾಗೆ. ಯಂತ್ರ ತಕರಾರು ತೆಗೆಯಿತು, ತಪ್ಪಿನ ಸಂದೇಶ ತೋರಿಸಿತು. ಉದ್ಘಾಟನೆಗೆ ಜನ ಬರುವ ಹೊತ್ತು. ಕಾರಣ ಹುಡುಕುವ ಬದಲು ರಾಯರು ಒಂದು ಸಾಲು ಸೇರಿಸಿದರು: ಚೌಕ ಇನ್ನೂ ಇಲ್ಲದಿದ್ದರೆ ಸುಮ್ಮನೆ ಮುಂದೆ ಹೋಗು. ಉಳಿಸಲು 'ಸರಿ' ಒತ್ತಿದಾಗ ಯಂತ್ರ ಮತ್ತೊಮ್ಮೆ ದೂರಿತು: ಚೌಕದಲ್ಲಿ ಏನೂ ಆಯ್ಕೆಯಾಗಿಲ್ಲ. ಇನ್ನೊಂದು ಸಾಲು: ಆಯ್ಕೆ ಇಲ್ಲದಿದ್ದರೆ ಸಾಲಿನಲ್ಲಿ ಮೊದಲನೆಯದನ್ನು ತೊಗೋ. ಯಂತ್ರ ಬಾಯಿ ಮುಚ್ಚಿತು. ಮುಚ್ಚಿಸಿದ್ದನ್ನೇ ರಾಯರು ರಿಪೇರಿ ಎಂದುಕೊಂಡರು.

ಯಂತ್ರ ಸುಮ್ಮನಾದರೂ, ಭಾನುವಾರ ಟೈಪಿಗೆ ಕೂರುತ್ತಿದ್ದ ವೇದವತಿ ಸುಮ್ಮನಿರಲಿಲ್ಲ. "ರಾಯರ, ತಿದ್ದಲಿಕ್ಕೆ ತಗದ್ರ ನಕ್ಷತ್ರ ಖಾಲಿ ಕಾಣ್ತೈತ್ರಿ."

"ಒಳಗ ಇರ್ತೈತಿ. ನೀ 'ಸರಿ' ಒತ್ತವಾ, ತಲಿ ತಿನ್ನಬ್ಯಾಡ."

ಆಕೆ ಒತ್ತಿದಳು. ವರ್ಷಗಟ್ಟಲೆ ಒತ್ತಿದಳು.

ರಾಯರ ತೀರಿಹೋದ ಗೆಳೆಯನೊಬ್ಬನ ಮಗಳು ನಲಿನಿ. ಮಣಿಕೊಂಡದಲ್ಲಿ ತಾಯಿ ಗಿರಿಜಾಬಾಯಿಯ ಜೊತೆ ಇರುತ್ತಾಳೆ. ಗಚ್ಚಿಬೌಲಿಯ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಂ ಪರೀಕ್ಷಿಸುವ ಕೆಲಸ. ಅವಳ ಹೆಸರು ಕೇಂದ್ರದಲ್ಲಿ ಮೊದಲಿನಿಂದಲೂ ಇತ್ತು. ಒಂದು ಮನೆಯವರೂ ಕೇಳಿಕೊಂಡು ಬರಲಿಲ್ಲ. ಗಿರಿಜಾಬಾಯಿ ಫೋಟೊದ್ದೇ ದೋಷ ಎಂದುಕೊಂಡು ಹೊಸ ಫೋಟೊ ತೆಗೆಸುವರು, ಕೇಂದ್ರಕ್ಕೆ ಕಳಿಸುವರು. ಸೋಮವಾರದ ಒಪ್ಪತ್ತು ಹಿಡಿದರು. ಮತ್ತೂ ಒಂದು ಫೋಟೊ ತೆಗೆಸಿದರು.

ಕಡೆಗೊಂದು ಭಾನುವಾರ ನಲಿನಿ ಒಬ್ಬಳೇ ಕೇಂದ್ರಕ್ಕೆ ಬಂದಳು. ಅಲ್ಲಿ ಆಗಲೇ ಯಮುನಾಬಾಯಿ ಎಂಬವರು ಮಗ ಕೌಶಲ್‌ಗೆ ಹೆಣ್ಣು ನೋಡಲು ಕೂತಿದ್ದರು. 'ಇವು ಬೇಡ' ಒತ್ತಿಸಿ ತಯಾರಾದ ಪಟ್ಟಿ ಅವರ ಕೈಯಲ್ಲಿತ್ತು.

"ಕಾಕಾ, ನನ್ನ ಹೆಸರು ತಗದ ಬಿಡ್ರಿ. ಸಾಕಾತು."

"ಹಂಗ್ಯಾಕಂತಿ? ವೈನಿಗೆ ಗೊತ್ತೈತೇನು?"

"ಗೊತ್ತಾದ್ರ ಇನ್ನೊಂದು ಫೋಟೊ ತೆಗಸ್ತಾಳ. ಸ್ಟುಡಿಯೋದಾವ ನನ್ನ ನೋಡಿದ ಕೂಡಲೇ ನಗ್ಲಿಕ್ಕೆ ಶುರು ಮಾಡ್ತಾನ್ರಿ."

ರಾಯರು ಅವಳ ವಿವರ ತೆರೆದರು. ಡೈಲಾಗ್ ಎದ್ದಿತು. ನಲಿನಿಯ ಕಣ್ಣು ನೇರವಾಗಿ ಅಲ್ಲಿಗೇ ಹೋಯಿತು.

"ನಕ್ಷತ್ರ ಯಾಕ ಖಾಲಿ?"

"ಒಳಗ ಇರ್ತೈತವಾ," ಎಂದಳು ವೇದವತಿ, "ರಾಯರ ಹೇಳ್ಯಾರ."

"ಒಳಗ ಏನೈತಿ ತೋರಸ್ರಿ ನೋಡೂಣು."

ತೋರಿಸಿದರು. ಪರದೆಯ ಮೇಲೆ 'ನಲಿನಿ: ಮೂಲಾ' ಎಂದಿತ್ತು.

"ನಂದು ರೋಹಿಣಿ, ಕಾಕಾ. ನನ್ನ ತೊಟ್ಟಿಲಕ್ಕ ನೀವ ಬಂದಿದ್ರಿ."

ರಾಯರ ಕಣ್ಣು ವೇದವತಿಯ ಕಡೆ ತಿರುಗಿತು. "ಟೈಪ್ ಮಾಡೂವಾಗ ಏನರೆ..." ಎಂಬಷ್ಟು ಬಾಯಿಂದ ಹೊರಟೇಬಿಟ್ಟಿತು. ಹೊರಟ ಮಾತನ್ನು ನುಂಗಲು ಆಗಲಿಲ್ಲ.

ವೇದವತಿ ಎದ್ದು ನಿಂತಳು. "ನಾ ಹೇಳಿದ್ದೆ. ಖಾಲಿ ಕಾಣ್ತೈತಿ ಅಂತ ಎಷ್ಟು ಸಲ ಹೇಳಿದ್ದೆ. ತಲಿ ತಿನ್ನಬ್ಯಾಡ ಅಂದಾವ್ರು ಯಾರು, ರಾಯರ?"

ನಲಿನಿ ಜಗಳ ಆಡಲಿಲ್ಲ, ಕುರ್ಚಿ ಎಳೆದುಕೊಂಡಳು. ಸುಳ್ಳೇ ಒಂದು ಹೆಸರು ಸೇರಿಸಿ ಅಶ್ವಿನಿ ನಕ್ಷತ್ರ ಕೊಟ್ಟಳು. ಉಳಿಸಿ, ಮತ್ತೆ ತೆರೆದಳು. ಖಾಲಿ. ಏನನ್ನೂ ಮುಟ್ಟದೆ 'ಸರಿ' ಒತ್ತಿದಳು. ಅಶ್ವಿನಿ ಹೋಗಿ ಮೂಲಾ ಬಂದಿತ್ತು. ಫೋಟೊ ಬದಲಿಸಿದವರು, ಫೋನ್ ನಂಬರ್ ತಿದ್ದಿಸಿದವರು, ಮನೆ ಬದಲಿಸಿದವರು, ಎಲ್ಲರೂ ಹೀಗೇ ಮೂಲಾ ಆಗಿದ್ದರು. ಗಿರಿಜಾಬಾಯಿ ತೆಗೆಸಿದ ಮೊದಲನೇ ಹೊಸ ಫೋಟೊವೇ ಮಗಳನ್ನು ಎಲ್ಲರ ಕಣ್ಣಿಂದ ಮರೆಮಾಡಿತ್ತು.

ಮೂಲಾದವರನ್ನೆಲ್ಲ ಒಟ್ಟಿಗೆ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಹೆಸರುಗಳು ಇಳಿದೇ ಇಳಿದವು.

"ಇಷ್ಟು ಮಂದಿ ಮೂಲಾ ಇದ್ರ ಹೈದರಾಬಾದದಾಗ ಒಬ್ಬ ಮಾವನೂ ಉಳೀತಿದ್ದಿಲ್ಲ ಬಿಡ್ರಿ," ಎಂದಳು. ಅವಳೊಬ್ಬಳೇ ನಕ್ಕಳು.

ಯಮುನಾಬಾಯಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಅಯ್ಯ! ಅಲ್ಲಿ ನಮ್ಮ ಕೌಶಲ್‌ನ ಹೆಸರೂ ಐತಲ್ರಿ! ಅವಂದು ಮೂಲಾ ಅಲ್ಲೇ ಅಲ್ಲ!"

"ಅವಂದೂ ಯಾವಾಗೋ ತಿದ್ಯಾರ್ರಿ, ಆಂಟಿ. ಹುಡುಗಿ ಕಡ್ಯಾವ್ರು ಯಾರರೆ ಮೂಲಾ ಅಂತ ಬ್ಯಾಡ ಅಂದ್ರೇನು?"

"ಹುಡುಗರದು ಯಾರು ಕೇಳ್ತಾರವಾ?" ಯಮುನಾಬಾಯಿ ಸಹಜವಾಗಿಯೇ ಹೇಳಿದರು. ಆಮೇಲೆ ನಲಿನಿಯನ್ನು ತಲೆಯಿಂದ ಕಾಲತನಕ ನೋಡಿ, ದನಿ ಮೆತ್ತಗೆ ಮಾಡಿದರು. "ನಿಂದು ರೋಹಿಣಿ ಅಂದ್ಯಲ್ಲ? ಭಾಳ ಛಲೋ ನಕ್ಷತ್ರ. ಜಾತಕ ಐತೇನು?"

"ಈಗಿನ್ನ ನಿಮ್ಮ ಪಟ್ಟಿಯೊಳಗ ನಾ ಇದ್ದಿಲ್ಲರಿ. ಖರೇ ಮೂಲಾದಾಗ ಹುಟ್ಟಿದ ಹುಡುಗಿ ಒಬ್ಬಾಕಿ ಎಲ್ಲರೆ ಇರ್ತಾಳಲ್ಲ, ಆಕಿ ಜೋಡಿ ನಾನೂ ಹೊರಗ ಇರ್ತೀನಿ."

ಯಮುನಾಬಾಯಿ ಪಟ್ಟಿ ಮಡಚಿಕೊಂಡು ಎದ್ದುಹೋದರು.

ರಾಯರು ಅಲ್ಲೇ ಪ್ರೋಗ್ರಾಂ ಬಿಚ್ಚಿದರು. ಬಾಯಿ ಮುಚ್ಚಿಸುವ ಎರಡೂ ಸಾಲು ಅಳಿಸಿದರು. ನಕ್ಷತ್ರ ತುಂಬುವ ಸಾಲನ್ನು 'ಸಿದ್ಧ' ಎಂಬ ಸೂಚನೆ ಬರುವ ಜಾಗಕ್ಕೆ ಸರಿಸಿದರು. ಅಷ್ಟೇ ಕೆಲಸ. ಇದನ್ನು ಉದ್ಘಾಟನೆಯ ದಿನವೇ ಮಾಡಬಹುದಿತ್ತು. ಆದರೆ ಆವತ್ತು ಜನ ಹೊರಗೆ ಚಹಾ ಕುಡಿಯುತ್ತಾ ಕಾಯುತ್ತಿದ್ದರು. ಹಾಳಾದ ನಕ್ಷತ್ರಗಳು ಮಾತ್ರ ಇದರಿಂದ ಮರಳಿ ಬರುವುದಿಲ್ಲ. ಮನೆಮನೆಗೆ ಫೋನ್ ಮಾಡಿ ಕೇಳಬೇಕು. "ಸುಮ್ಮನ ಪರಿಶೀಲನೆಗೆ ಕೇಳಾಕತ್ತೀವಿ ಅಂದ್ರಾತು," ಎಂದರು ರಾಯರು, ಯಾರ ಮುಖವನ್ನೂ ನೋಡದೆ.

"ಕಾಕಾ." ನಲಿನಿ ಪರದೆಯ ಮೇಲೆ ಬೆರಳಿಟ್ಟಳು, 'ಇವು ಬೇಡ' ಬಟನ್ನಿನ ಮೇಲೆ. "ಇದನ್ನೂ ಟೆಸ್ಟ್ ಮಾಡಿದೆ. ಇದರಾಗ ಒಂದ ತಪ್ಪೂ ಇಲ್ಲ. ಬರಾಬರ ಕೆಲಸ ಮಾಡ್ತೈತಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಅವ್ವಗ ನೀವ ಹೇಳ್ರಿ," ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು. "ಪರಿಶೀಲನೆ ಅಂತ ಅಲ್ಲ. ಏನಾಗೈತೋ ಅದನ್ನ."

ಮಣಿಕೊಂಡದ ಆ ಮನೆಯಲ್ಲಿ ಗಿರಿಜಾಬಾಯಿ ರಾಯರಿಗೆ ಅವಲಕ್ಕಿ ಕೊಟ್ಟು ಎದುರು ಕೂತರು. ಶೋಕೇಸಿನಲ್ಲಿ ನಲಿನಿಯ ಫೋಟೊಗಳು, ಒಂದೊಂದರಲ್ಲೂ ಬೇರೆ ಸೀರೆ, ಅದೇ ನಗು. ತಟ್ಟೆ ಮುಟ್ಟದೆ ರಾಯರು ಹೇಳಿದರು. ಮೊದಲು ಯಂತ್ರದ ಕಥೆ ಹೇಳಲು ಹೊರಟರು, ವಿಂಡೋಸು, ಸೂಚನೆ, ಚೌಕ. ಮಧ್ಯೆ ತಮ್ಮ ದನಿ ತಮಗೇ ಕೇಳಿಸಿ ನಿಲ್ಲಿಸಿದರು.

"ವೈನಿ, ತಪ್ಪು ನಂದು. ವೇದವತಿ ಹೇಳಿದ್ಲು, ನಾ ಕೇಳಲಿಲ್ಲ. ಮೂಲಾ ಮ್ಯಾಲಿಟ್ಟಾವ್ನೂ ನಾನ."

ಗಿರಿಜಾಬಾಯಿ ಕೂಗಾಡಲಿಲ್ಲ. ಸೆರಗಿನ ತುದಿಯಿಂದ ಒಂದು ಫೋಟೊದ ಗಾಜು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ದಪ್ಪ ಆಗ್ಯಾಳ, ಅದಕ್ಕ ಯಾರೂ ಕೇಳವಲ್ರು ಅಂತ, ಆಕಿಗೆ ನಾ ಅನ್ನ ಕಡಿಮಿ ಬಡಸ್ತಿದ್ದೆ, ರಾಯರ," ಎಂದರು.

ರಾಯರು ಬಸ್ ಹಿಡಿಯದೆ ನಡೆದು ಹೋದರು. ಆ ವಾರವೆಲ್ಲ ಫೋನ್ ಮಾಡಿದರು, ಪರಿಶೀಲನೆ ಎಂಬ ಮಾತು ಎತ್ತಲಿಲ್ಲ. ಕೆಲವರು ಉಗಿದರು. ಕೆಲವರ ಮಗಳಿಗೆ ಹೇಗೋ ಮದುವೆಯಾಗಿತ್ತು. ಕೆಲವರು ಕೇಳಿಸಿಕೊಂಡು ಫೋನ್ ಇಟ್ಟರು. 'ಇವು ಬೇಡ' ಬಟನ್ನನ್ನು ಅವರು ಕಿತ್ತುಹಾಕಿದರು. ನಕ್ಷತ್ರಗಳ ಸಾಲು ಮತ್ತೆ ಪಂಚಾಂಗದ ಹಾಗೆ ಅಶ್ವಿನಿಯಿಂದ ಶುರುವಾಯಿತು.

ಮುಂದಿನ ಭಾನುವಾರ ಬಂದ ಮೊದಲ ಗಂಡಿನ ತಂದೆ ಕೇಳಿದ್ದು: "ಆ ಬಟನ್ ಎಲ್ಲಿ ಹೋತ್ರಿ, ರಾಯರ?"

"ತಗದೇನ್ರಿ."

"ಹೋಗ್ಲಿ ಬಿಡ್ರಿ, ಬಾಯಿಲೇ ಹೇಳ್ತೀನಿ, ಬರಕೋರಿ. ಮೂಲಾ..."

ರಾಯರು ಪೆನ್ನು ಎತ್ತಲಿಲ್ಲ. ವೇದವತಿಯೂ ಎತ್ತಲಿಲ್ಲ.

ಆ ತಂದೆ ನೀವೇ. ರಾಯರು ತಮ್ಮ ಬಟನ್ ಕಿತ್ತರು. ನಿಮ್ಮದು ಇನ್ನೂ ಇದೆ. ಮಗನಿಗೆ ಹೆಣ್ಣು ಹುಡುಕಲು ಯಾವ ಕೇಂದ್ರಕ್ಕೆ, ಯಾವ ಪುರೋಹಿತರಿಗೆ, ಮೊಬೈಲಿನ ಯಾವ ಆ್ಯಪ್‌ಗೆ 'ಈ ನಕ್ಷತ್ರ ಬೇಡ' ಎಂದು ಹೇಳಿಟ್ಟಿದ್ದೀರಿ? ಈ ಹಾಳೆ ಕೆಳಗಿಡಿ, ಫೋನ್ ತೊಗೊಳ್ಳಿ, ಆ ಮಾತನ್ನು ಈಗಲೇ ವಾಪಸ್ ತೊಗೊಳ್ಳಿ.